ಹತ್ತಿದ್ದಾಯಿತು, ಇಳಿಯುವುದು ಹೇಗೆ? ಗುಡ್ಡೆ ನಡಿಗೆಯ ಪ್ರಶ್ನೋತ್ತರ

ಮಳೆ ಹಿಂದೆ ಸರಿದು ಮುಳಿಹುಲ್ಲು ಇನ್ನೂ ಹಸಿರಾಗಿರುವ ಈ ದಿನಗಳಲ್ಲಿ ಕಾಸರಗೋಡಿನ ಓದುಗರ ಪತ್ರಗಳಲ್ಲಿ ರಾಣಿಪುರ, ಪೊಸಡಿ ಗುಂಪೆ, ಕುಮಾರಪರ್ವತಗಳದ್ದೇ ಸುದ್ದಿ. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹತ್ತುವ ಬಗ್ಗೆ. ಆದರೆ ಕಾಲು ಉಳುಕುವುದು, ಕತ್ತಲಾಗುವುದು, ನೀರು ಮುಗಿಯುವುದು ಎಲ್ಲ ಮಧ್ಯಾಹ್ನದ ಮೇಲೆ, ಇಳಿಯುವ ದಾರಿಯಲ್ಲಿ. ಅದಕ್ಕೇ ಈ ಸಲದ ಉತ್ತರಗಳಲ್ಲಿ ಇಳಿಯುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ನಾವು ಆರು ಮಂದಿ ಗೆಳೆಯರು ಡಿಸೆಂಬರಿನಲ್ಲಿ ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯಬೇಕೆಂದಿದ್ದೇವೆ. ಬೆಳಗ್ಗೆ ಮುಳ್ಳೇರಿಯದಿಂದ ಹೊರಟರೆ ಆಗುತ್ತದೆಯೇ?
ಓದುಗರು, ಮುಳ್ಳೇರಿಯ

ಒಂದೇ ದಿನದಲ್ಲಿ ಆಗುತ್ತದೆ, ಆದರೆ ಮುಳ್ಳೇರಿಯದಿಂದ ಬೆಳಗ್ಗೆ ಹೊರಟು ಆಗುವುದಿಲ್ಲ. ಜಾಲ್ಸೂರು, ಸುಳ್ಯ ದಾಟಿ ಸುಬ್ರಹ್ಮಣ್ಯ ಮುಟ್ಟುವ ಹೊತ್ತಿಗೆ ನಡಿಗೆಗೆ ಬೇಕಾದ ತಂಪು ಹೊತ್ತು ಕಳೆದಿರುತ್ತದೆ. ಹಿಂದಿನ ರಾತ್ರಿಯೇ ಸುಬ್ರಹ್ಮಣ್ಯದಲ್ಲಿ ಉಳಿದುಕೊಳ್ಳಿ. ಚಂಪಾಷಷ್ಠಿಯ ಆಸುಪಾಸಿನ ದಿನಗಳನ್ನು ಬಿಟ್ಟುಬಿಡಿ, ಆಗ ರೂಮು ಸಿಗುವುದು ಕಷ್ಟ.

ಲೆಕ್ಕ ಹೀಗೆ ಹಾಕಿ. ಶಿಖರದ ಎತ್ತರ 1712 ಮೀಟರ್. ದೇವರಗದ್ದೆಯ ಕಡೆ ನಡಿಗೆ ಶುರುವಾಗುವ ಜಾಗ ಸಮುದ್ರಮಟ್ಟದಿಂದ ನೂರು ಮೀಟರಿನ ಮೇಲೆ ಸ್ವಲ್ಪ, ಅಷ್ಟೆ. ಅಂದರೆ ಏರಬೇಕಾದದ್ದು ಹತ್ತಿರ ಹತ್ತಿರ 1600 ಮೀಟರ್, ನಡೆಯಬೇಕಾದದ್ದು ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಗುಡ್ಡ ಹತ್ತುವವರು 1892ರಿಂದ ಬಳಸುತ್ತಾ ಬಂದ ನೈಸ್ಮಿತ್ ನಿಯಮದ ಪ್ರಕಾರ ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. 13 ಕಿಲೋಮೀಟರಿಗೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು, 1600 ಮೀಟರಿಗೆ ಎರಡೂಮುಕ್ಕಾಲು ಗಂಟೆಯ ಹತ್ತಿರ. ಸೇರಿಸಿದರೆ ಐದೂಕಾಲು ಗಂಟೆ. ಇದರಲ್ಲಿ ಕೂತು ತಿನ್ನುವ ಹೊತ್ತು ಸೇರಿಲ್ಲ, ನಮ್ಮ ಕರಾವಳಿಯ ಸೆಕೆಯೂ ಸೇರಿಲ್ಲ. ಆರು ಮಂದಿಯ ತಂಡಕ್ಕೆ ಹತ್ತಲು ಆರೂವರೆ ಗಂಟೆ ಎಂದೇ ಇಟ್ಟುಕೊಳ್ಳಿ.

ಇಳಿಯುವುದಕ್ಕೆ ಅದರ ಅರ್ಧ ಸಾಕು ಎಂದು ಲೆಕ್ಕ ಹಾಕುವವರೇ ಕತ್ತಲಲ್ಲಿ ಸಿಕ್ಕಿಬೀಳುವುದು. ಕಡಿದಾದ ಇಳುಕಲಿನಲ್ಲಿ ಕಾಲು ನೋಡಿ ನೋಡಿ ಇಡಬೇಕು, ದಣಿದ ತೊಡೆ ಮಾತು ಕೇಳುವುದಿಲ್ಲ. ನಾಲ್ಕೂವರೆ ಗಂಟೆ ಬೇಕೇ ಬೇಕು. ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಹೊತ್ತಿಗೆ. ಮರಗಳ ಅಡಿಯಲ್ಲಿ ಐದೂವರೆಗೇ ಬೇರು ಯಾವುದು, ಕಲ್ಲು ಯಾವುದು ಗೊತ್ತಾಗುವುದಿಲ್ಲ. ಕೆಳಗಿನ ಕೊನೆಯ ಐದಾರು ಕಿಲೋಮೀಟರ್ ಪೂರ್ತಿ ದಟ್ಟ ಕಾಡೇ.

ಹಾಗಾಗಿ ನಿಮ್ಮ ಸಮಯಪಟ್ಟಿಯನ್ನು ಸಂಜೆಯಿಂದ ಹಿಂದಕ್ಕೆ ಬರೆಯಿರಿ. ಐದೂವರೆಗೆ ಕೆಳಗೆ ಇರಬೇಕಾದರೆ ಒಂದು ಗಂಟೆಗೆ ಶಿಖರ ಬಿಡಬೇಕು. ಅದಕ್ಕೆ ಬೆಳಗ್ಗೆ ಆರಕ್ಕೆ ನಡಿಗೆ ಶುರು. ಎಂಟೂವರೆ, ಒಂಬತ್ತರೊಳಗೆ ದಾರಿಯಲ್ಲಿ ಸಿಗುವ ಭಟ್ಟರ ಮನೆ, ಹನ್ನೊಂದರೊಳಗೆ ಕಲ್ಲುಮಂಟಪ, ಹನ್ನೆರಡರ ಹೊತ್ತಿಗೆ ಶೇಷಪರ್ವತ. ಶೇಷಪರ್ವತದ ಮೇಲೆ ನಿಂತಾಗ ಎದುರಿನ ಶಿಖರ ಕೈಗೆಟುಕುವಂತೆ ಕಾಣುತ್ತದೆ, ನಂಬಬೇಡಿ. ಅಲ್ಲಿಂದ ಮೊದಲು ಶೋಲಾ ಕಾಡಿನೊಳಕ್ಕೆ ಇಳಿದು, ಮತ್ತೆ ನೀರು ಜಿನುಗುವ ಬಂಡೆಗಳನ್ನು ಹತ್ತಬೇಕು. ಬರುವಾಗ ಅದೇ ಇಳಿದದ್ದನ್ನು ಪುನಃ ಏರಬೇಕು. ಹನ್ನೊಂದೂವರೆಗೂ ಕಲ್ಲುಮಂಟಪ ದಾಟಿರದಿದ್ದರೆ ಶಿಖರದ ಆಸೆ ಬಿಟ್ಟು ಅಲ್ಲಿಂದಲೇ ತಿರುಗಿ. ಈ ತೀರ್ಮಾನವನ್ನು ಹಿಂದಿನ ರಾತ್ರಿ ರೂಮಿನಲ್ಲೇ ಆರೂ ಮಂದಿ ಒಪ್ಪಿಕೊಂಡಿರಬೇಕು. ಮೇಲೆ ಹೋದ ಮೇಲೆ ಚರ್ಚೆ ಶುರುಮಾಡಿದರೆ ಯಾವಾಗಲೂ ಹತ್ತುವ ಪಕ್ಷವೇ ಗೆಲ್ಲುತ್ತದೆ.

ಪುಷ್ಪಗಿರಿ ವನ್ಯಜೀವಿಧಾಮದ ದಾರಿ ಇದು. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಜನಜಾತ್ರೆ ನೆರೆದ ಮೇಲೆ ಕರ್ನಾಟಕ ಅರಣ್ಯ ಇಲಾಖೆ ಇಲ್ಲಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ದಿನಕ್ಕೆ ಇಷ್ಟೇ ಜನ ಎಂದು ಮಿತಿಯನ್ನೂ ಹಾಕಿತು. ಮಳೆಗಾಲದಲ್ಲೂ ಬೇಸಿಗೆಯ ಕಾಡ್ಗಿಚ್ಚಿನ ತಿಂಗಳುಗಳಲ್ಲೂ ದಾರಿ ಮುಚ್ಚಿರುತ್ತದೆ. ಬುಕಿಂಗ್ ಇಲ್ಲದೆ ಕಾಸರಗೋಡಿನಿಂದ ಅಷ್ಟು ದೂರ ಹೋಗಿ ವಾಪಸ್ ಬರಬೇಡಿ. ಚೆಕ್‌ಪೋಸ್ಟಿನಲ್ಲಿ ಬ್ಯಾಗ್ ತೆರೆದು ನೋಡಲು ಹಿಡಿಯುವ ಹೊತ್ತನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಗುತ್ತದೆ. ಶೂ ಚಿಕ್ಕದಾಗಿದೆಯೇ? ಅಪ್ಪನ ತೋಟದ ಗಮ್‌ಬೂಟು ಹಾಕಿಕೊಂಡರೆ ಹೇಗೆ?
ಕಾಲೇಜು ವಿದ್ಯಾರ್ಥಿನಿ, ಪೆರ್ಲ

ಚಿಕ್ಕದಾಗಿರಬಹುದು, ಲೇಸು ಸಡಿಲವಾಗಿರಲೂಬಹುದು. ಇಳಿಯುವಾಗ ಪ್ರತಿ ಹೆಜ್ಜೆಗೂ ಪಾದ ಶೂವಿನೊಳಗೆ ಮುಂದಕ್ಕೆ ಜಾರಿ ಉಗುರು ಮುಂಭಾಗಕ್ಕೆ ಗುದ್ದುತ್ತದೆ. ಸಾವಿರಾರು ಸಲ ಗುದ್ದಿದಾಗ ಉಗುರಿನಡಿ ರಕ್ತ ಕಟ್ಟುತ್ತದೆ.

ಶೂ ಕೊಳ್ಳಲು ಸಂಜೆ ಹೋಗಿ, ದಿನವಿಡೀ ನಡೆದ ಪಾದ ಆಗ ತುಸು ಊದಿಕೊಂಡಿರುತ್ತದೆ. ಗುಡ್ಡಕ್ಕೆ ಹಾಕುವ ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಿ. ಲೇಸು ಕಟ್ಟದೆ ಬೆರಳುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರುವಷ್ಟು ಜಾಗ ಬೇಕು. ಅಂಗಡಿಯ ಮೆಟ್ಟಿಲಿನಲ್ಲಿ ನಾಲ್ಕು ಸಲ ಇಳಿದು ನೋಡಿ. ಬೆರಳು ಮುಂದೆ ತಾಗಿದರೆ ಅರ್ಧ ಸೈಜು ದೊಡ್ಡದು ಕೇಳಿ.

ಲೇಸು ಕಟ್ಟುವ ಕ್ರಮದಿಂದಲೇ ಅರ್ಧ ತೊಂದರೆ ನೀಗುತ್ತದೆ. ಮೇಲಿನ ಎರಡು ತೂತು ಉಳಿದಾಗ ಲೇಸನ್ನು ಆಚೆ ಬದಿಗೆ ದಾಟಿಸಬೇಡಿ. ಅದೇ ಬದಿಯ ಮೇಲಿನ ತೂತಿಗೆ ನೇರವಾಗಿ ಪೋಣಿಸಿ, ಎರಡೂ ಬದಿಯಲ್ಲಿ ಒಂದೊಂದು ಸಣ್ಣ ಕುಣಿಕೆ ಉಳಿಸಿ. ಈಗ ಎಡದ ತುದಿಯನ್ನು ಬಲದ ಕುಣಿಕೆಯೊಳಗಿಂದ, ಬಲದ್ದನ್ನು ಎಡದ ಕುಣಿಕೆಯೊಳಗಿಂದ ದಾಟಿಸಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಎಳೆದು ಗಂಟು ಹಾಕಿ. ಪಾದ ಮುಂದಕ್ಕೆ ಜಾರುವುದಿಲ್ಲ. ಹತ್ತುವಾಗ ಕಣಕಾಲಿನ ಹತ್ತಿರ ಸ್ವಲ್ಪ ಸಡಿಲ ಇರಲಿ, ಶಿಖರದಲ್ಲಿ ಕೂತಾಗ ಬಿಚ್ಚಿ ಹೀಗೆ ಬಿಗಿಯಾಗಿ ಕಟ್ಟಿಕೊಳ್ಳಿ. ಮೂರು ದಿನ ಮೊದಲೇ ಉಗುರು ನೇರವಾಗಿ ಕತ್ತರಿಸಿ. ಹೊರಡುವ ದಿನ ಕತ್ತರಿಸಿದರೆ ಅಂಚು ಚುಚ್ಚುತ್ತದೆ.

ಗಮ್‌ಬೂಟು ತೋಟದ ಕೆಸರಿಗೆ ಒಳ್ಳೆಯದು, ಇಡೀ ದಿನದ ನಡಿಗೆಗೆ ಬೇಡ. ಬೆವರು ಹೊರಗೆ ಹೋಗಲು ದಾರಿಯಿಲ್ಲದೆ ಒಂದು ಗಂಟೆಯಲ್ಲಿ ಕಾಲುಚೀಲ ಒದ್ದೆಯಾಗುತ್ತದೆ. ಹಿಮ್ಮಡಿ ಸಡಿಲವಿರುವುದರಿಂದ ಉಜ್ಜಿ ಉಜ್ಜಿ ಬೊಕ್ಕೆ ಏಳುತ್ತದೆ. ಚರ್ಮ ಬಿಸಿಯಾಗಿ ಉರಿಯಲು ಶುರುವಾದೊಡನೆ ನಿಂತು, ಒರೆಸಿ ಒಣಗಿಸಿ, ಔಷಧಿ ಅಂಗಡಿಯ ಬಟ್ಟೆಯ ಪ್ಲಾಸ್ಟರನ್ನು ಸುಕ್ಕಿಲ್ಲದಂತೆ ಅಂಟಿಸಿ. ಬೊಕ್ಕೆ ಎದ್ದ ಮೇಲೆ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲು.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಅಟ್ಟದಲ್ಲಿ ನಾಲ್ಕೈದು ವರ್ಷ ಇಟ್ಟ ಶೂ ಹೊರಗೆ ಹೊಸದರಂತೆ ಕಂಡರೂ ಗುಡ್ಡದ ಮಧ್ಯೆ ಅಡಿ ಕಳಚಿಕೊಳ್ಳುತ್ತದೆ. ಬಹಳಷ್ಟು ಶೂಗಳ ನಡು ಅಡಿ ಪಾಲಿಯುರೆಥೇನ್ ನೊರೆಯದ್ದು. ಗಾಳಿಯ ತೇವ ಅದನ್ನು ಒಳಗಿನಿಂದಲೇ ಒಡೆಯುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಇದು ಇನ್ನೂ ಬೇಗ. ಅಡಿಯ ಬದಿಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ, ಶೂವನ್ನು ನಡುವಿಗೆ ಬಗ್ಗಿಸಿ ನೋಡಿ. ಕೂದಲೆಳೆಯ ಬಿರುಕು ಕಂಡರೆ, ಅವಲಕ್ಕಿ ಪುಡಿಯಂತೆ ಉದುರಿದರೆ ಆ ಶೂ ಮುಗಿಯಿತು, ಗಮ್ ಹಾಕಿದರೂ ನಿಲ್ಲುವುದಿಲ್ಲ. ದಾರಿಯಲ್ಲೇ ಕಳಚಿದರೆ ಕಟ್ಟಲು ನೀರಿನ ಬಾಟಲಿಗೆ ಎರಡು ಮೀಟರ್ ಬಟ್ಟೆಯ ಗಮ್ ಟೇಪ್ ಸುತ್ತಿಟ್ಟುಕೊಂಡಿರಿ. ಅಡಿಯ ಉಬ್ಬುತಗ್ಗು ಮುಚ್ಚದಂತೆ ಮುಂದೆ ಒಂದು ಸುತ್ತು, ನಡುವೆ ಒಂದು ಸುತ್ತು ಬಿಗಿದರೆ ಕೆಳಗೆ ಮುಟ್ಟುವವರೆಗೆ ತಡೆಯುತ್ತದೆ.

ಬೆಳಗ್ಗೆ ಏನು ತಿನ್ನಬೇಕು, ಬುತ್ತಿಗೆ ಏನು ಕಟ್ಟಬೇಕು? ನೀರು ಎಷ್ಟು ಬೇಕು?
ಗೃಹಿಣಿ, ನೀರ್ಚಾಲು

ಹೊರಡುವ ಒಂದೂವರೆ ಗಂಟೆ ಮೊದಲು ಕುಚ್ಚಲಕ್ಕಿ ಗಂಜಿ, ಅದಕ್ಕೆ ಉಪ್ಪು, ಜೊತೆಗೆ ಮಿಡಿ ಉಪ್ಪಿನಕಾಯಿ. ಅನ್ನವೂ ನೀರೂ ಉಪ್ಪೂ ಒಟ್ಟಿಗೇ ಹೊಟ್ಟೆಗೆ ಹೋಗುವ ಇಷ್ಟು ಒಳ್ಳೆಯ ತಿಂಡಿ ಬೇರೆ ಹುಡುಕಬೇಕಾಗಿಲ್ಲ. ಎಣ್ಣೆಯಲ್ಲಿ ಕರಿದ ಬನ್ಸು, ಗೋಳಿಬಜೆ ಬೇಡ. ಏರಿನಲ್ಲಿ ಹುಳಿತೇಗು ಬರುತ್ತದೆ.

ಬುತ್ತಿಗೆ ತೆಂಗಿನಕಾಯಿ ಚಟ್ನಿ ಖಂಡಿತ ಬೇಡ. ಬೆನ್ನಿನ ಬಿಸಿಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಹುಣಸೆಹುಳಿ ಹಾಕಿದ ಪುಳಿಯೋಗರೆ ತಡೆಯುತ್ತದೆ, ಚಪಾತಿಗೆ ಒಣ ಚಟ್ನಿಪುಡಿ ಆಗುತ್ತದೆ. ಆದರೆ ಇಡೀ ಊಟವನ್ನು ಶಿಖರಕ್ಕೇ ಇಟ್ಟುಕೊಳ್ಳಬೇಡಿ. ಹೊಟ್ಟೆ ತುಂಬ ಉಂಡು ಇಳಿಯಲು ಹೊರಟರೆ ಕಾಲು ಭಾರ, ಗಮನ ಕಡಿಮೆ. ಗಂಟೆಗೊಮ್ಮೆ ಒಂದು ಹಿಡಿ ತಿನ್ನಿ: ಬೆಲ್ಲ ಕಾಯಿ ಹಾಕಿದ ಅವಲಕ್ಕಿ ಬೆಳಗ್ಗೆಯೇ ಮುಗಿಸಿ, ಆಮೇಲೆ ನೇಂದ್ರ ಬಾಳೆಹಣ್ಣು, ಕಡಲೆಮಿಠಾಯಿ, ಖರ್ಜೂರ. ಕೊನೆಯ ಎರಡು ಗಂಟೆಗೆಂದು ಒಂದಿಷ್ಟನ್ನು ಬೇರೆ ಕಟ್ಟಿಡಿ. ಸಂಜೆ ನಾಲ್ಕರ ನಂತರ ಎಡವುವವರಲ್ಲಿ ಎಷ್ಟೋ ಮಂದಿ ಮಧ್ಯಾಹ್ನದಿಂದ ಏನೂ ತಿಂದಿರುವುದಿಲ್ಲ.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ, ಬಿಸಿಲಿದ್ದರೆ ಇನ್ನೂ ಸ್ವಲ್ಪ. ಮೂರು ಲೀಟರ್ ಎಂದರೆ ಬೆನ್ನ ಮೇಲೆ ಮೂರು ಕೆ.ಜಿ., ಹಾಗಾಗಿ ಎಲ್ಲಿ ತುಂಬಿಸಿಕೊಳ್ಳಬಹುದು ಎಂದು ಮೊದಲೇ ಕೇಳಿ ತಿಳಿಯಿರಿ. ಕುಮಾರಪರ್ವತದಲ್ಲಿ ಚೆಕ್‌ಪೋಸ್ಟ್ ದಾಟಿದ ಮೇಲೆ ಮಂಟಪದವರೆಗೆ ನೆರಳಿಲ್ಲದ ಹುಲ್ಲುಗುಡ್ಡೆ. ಮಂಟಪದ ಹತ್ತಿರದ ನೀರು ಬೇಸಿಗೆ ಹತ್ತಿರವಾದಂತೆ ಬತ್ತುತ್ತದೆ. ತೋಡಿನ ನೀರು ಎಷ್ಟೇ ತಿಳಿಯಾಗಿದ್ದರೂ ಮೇಲೆ ಕಾಟಿ, ಕಡವೆಗಳು ಇಳಿದಿರುತ್ತವೆ. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಬೆವರಿನಲ್ಲಿ ಉಪ್ಪು ಹೋಗುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಶುರುವಾಗಬಹುದು. ಒಂದು ಬಾಟಲಿಯಲ್ಲಿ ಒಆರ್‌ಎಸ್ ಇರಲಿ. ಪೊಟ್ಟಣದ ಮೇಲೆ 1 ಲೀಟರ್ ಎಂದಿದೆಯೋ 200 ಮಿ.ಲೀ. ಎಂದಿದೆಯೋ ಓದಿ, ಅಷ್ಟೇ ನೀರಿಗೆ ಹಾಕಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳು ಇದಕ್ಕೆ ಬದಲಿಯಾಗುವುದಿಲ್ಲ.

ರಾಣಿಪುರದಿಂದ ಕಾಡಿನೊಳಗೇ ತಲಕಾವೇರಿಗೆ ದಾರಿ ಇದೆಯಂತೆ. ಆನೆ ಇರುತ್ತದೆಯೇ? ಹೋಗಬಹುದೇ?
ಓದುಗರು, ಬಂದಡ್ಕ

ಅನುಮತಿ ಇಲ್ಲದೆ ಹೋಗುವಂತಿಲ್ಲ. ಈಚೆ ಕೇರಳದ ರಕ್ಷಿತಾರಣ್ಯ, ಆಚೆ ಕರ್ನಾಟಕದ ತಲಕಾವೇರಿ ವನ್ಯಜೀವಿಧಾಮ. ವನ್ಯಜೀವಿಧಾಮದೊಳಗೆ ಅಪ್ಪಣೆಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ತಲಕಾವೇರಿಗೇ ಹೋಗಬೇಕೆಂದರೆ ಪಾಣತ್ತೂರು, ಕರಿಕೆ, ಭಾಗಮಂಡಲದ ರಸ್ತೆ ಇದೆ.

ಹಿಂದೆ ಮಡತುಮಲೆ ಎನಿಸಿಕೊಂಡಿದ್ದ ರಾಣಿಪುರದ ಗುಡ್ಡೆಗೆ ಟಿಕೆಟ್ ಕೊಟ್ಟು ಹತ್ತುವ ದಾರಿ ಒಂದು ಕಡೆಗೆ ಸುಮಾರು ಎರಡೂವರೆ ಕಿಲೋಮೀಟರ್. ಅಲ್ಲೂ ಆನೆಗಳು ಬರುತ್ತವೆ, ಬಂದ ದಿನ ದಾರಿ ಮುಚ್ಚುತ್ತಾರೆ. ಅರಣ್ಯ ಇಲಾಖೆಯ ವಾಚರ್ ಹೋಗಬೇಡಿ ಎಂದರೆ ವಾದಿಸದೆ ವಾಪಸಾಗಿ. ದಾರಿಯಲ್ಲಿ ಲದ್ದಿ ಕಂಡರೆ ನಿಂತು ನೋಡಿ. ಮೇಲ್ಭಾಗ ಒಣಗಿ ಬಿರಿದಿದ್ದರೆ, ಅಣಬೆಯೋ ಗೆದ್ದಲೋ ಹಿಡಿದಿದ್ದರೆ ಹಳೆಯದು. ಒದ್ದೆಯಾಗಿ ಹೊಳೆಯುತ್ತಾ ಹಸಿ ಹುಲ್ಲಿನ ವಾಸನೆ ಬರುತ್ತಿದ್ದರೆ, ಪಕ್ಕದಲ್ಲಿ ಮುರಿದ ಕೊಂಬೆಯಿಂದ ಇನ್ನೂ ರಸ ಜಿನುಗುತ್ತಿದ್ದರೆ ಆನೆ ಹತ್ತಿರದಲ್ಲೇ ಇದೆ. ಮಾತು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದಿರುಗಿ. ಮೊಬೈಲ್ ಹೊರತೆಗೆಯುವ ಹೊತ್ತು ಅದಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಾಡಿನಲ್ಲಿ ನಡೆಯುವವರನ್ನು ಈಗೀಗ ಹೆಚ್ಚು ಕಾಣುತ್ತೇವೆ. ಕೊಂಬೆ ಮುರಿಯುವ ಸದ್ದು ಕೇಳಿಸದಿದ್ದರೆ ಆನೆಯ ಮುಂದೆಯೇ ಹೋಗಿ ನಿಲ್ಲುತ್ತೀರಿ.

ಇಂಬಳಕ್ಕೆ ಏನು ಉಪಾಯ? ಬೀಡಿ ಬೆಂಕಿ ತಾಗಿಸಿದರೆ ಬೀಳುತ್ತದೆ ಎನ್ನುತ್ತಾರೆ.
ಓದುಗರು, ಕುಂಬಳೆ

ಬೀಳುತ್ತದೆ, ಆದರೆ ಬೀಳುವ ಮುಂಚೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೆ ಕಾರುವ ಸಾಧ್ಯತೆ ಇದೆ. ಕಚ್ಚಿ ಹಿಡಿದ ಇಂಬಳಕ್ಕೆ ಬೆಂಕಿ, ಉಪ್ಪು, ಸುಣ್ಣ ಯಾವುದೂ ಬೇಡ. ಸಪೂರ ಇರುವ ತುದಿ ಬಾಯಿ. ಅದರ ಪಕ್ಕದ ಚರ್ಮವನ್ನು ಒಂದು ಕೈಯಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯ ಉಗುರನ್ನು ಅಡ್ಡಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ. ಬಳಿಕ ದಪ್ಪ ತುದಿ ಬಿಡಿಸಿ ಎಸೆಯಿರಿ. ಅದರ ಜೊಲ್ಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಗಂಟೆಗಟ್ಟಲೆ ಜಿನುಗಬಹುದು. ಹತ್ತು ನಿಮಿಷ ಒತ್ತಿ ಹಿಡಿದು ಪಟ್ಟಿ ಕಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮಳೆ ನಿಂತು ನೆಲ ಒಣಗಿದ ಮೇಲೆ ಗುಡ್ಡ ಹತ್ತುವುದು ಒಳ್ಳೆಯದು.

ತಡೆಯಲು ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಬಟ್ಟೆಯ ಕಾಲುಚೀಲ ಸಾಕು. ಪ್ಯಾಂಟನ್ನು ಅದರೊಳಗೆ ಸೇರಿಸಿ. ಹೊಗೆಸೊಪ್ಪು ನೆನೆಸಿದ ನೀರನ್ನು ಬಟ್ಟೆಯ ಹೊರಗೆ ಸವರಬಹುದು, ಹೊಳೆ ದಾಟಿದರೆ ಮತ್ತೆ ಸವರಬೇಕು. ನೆರಳಿನ ಒದ್ದೆ ತರಗೆಲೆಯ ಮೇಲೆ ಕೂರಬೇಡಿ, ಬಿಸಿಲು ಬಿದ್ದ ಬಂಡೆ ಹುಡುಕಿ.

ಬೇಸಿಗೆ ಹತ್ತಿರವಾದಂತೆ ಇಂಬಳ ಹೋಗಿ ಉಣ್ಣಿ ಬರುತ್ತದೆ. ಮನೆಗೆ ಬಂದೊಡನೆ ತೊಡೆಸಂದಿ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಚಿಮುಟಿಗೆಯಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಿರಿ. ಹತ್ತು ದಿನದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ, ಉಣ್ಣಿ ಕಚ್ಚಿತ್ತು ಎಂದು ಡಾಕ್ಟರಿಗೆ ಹೇಳಿಯೇ ಹೇಳಿ. ಮಂಗನ ಕಾಯಿಲೆ ಹರಡುವುದು ಹಾಗೆಯೇ.

ನನಗೆ 56 ವರ್ಷ, ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಿನ್ನುತ್ತೇನೆ. ಇಡೀ ದಿನ ನಡೆಯಬಹುದೇ?
ನಿವೃತ್ತ ನೌಕರರು, ಮಂಜೇಶ್ವರ

ನಡೆಯುವ ಅಭ್ಯಾಸವಿದ್ದು ನಿಮ್ಮ ಡಾಕ್ಟರು ಒಪ್ಪಿದರೆ ನಡೆಯಬಹುದು. ಯಾವ ಮಾತ್ರೆ ಎಂಬುದು ಮುಖ್ಯ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ದೀರ್ಘ ನಡಿಗೆಯಲ್ಲಿ ಇಳಿಯುವ ಸಾಧ್ಯತೆ ಹೆಚ್ಚು, ಅಂದಿನ ಪ್ರಮಾಣ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ನಡುಕ, ತಣ್ಣನೆ ಬೆವರು, ತೊದಲು ಮಾತು, ಕಾರಣವಿಲ್ಲದ ಸಿಟ್ಟು ಬಂದರೆ ಕೂತುಬಿಡಿ. ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷದ ನಂತರ ಮೀಟರಿನಲ್ಲಿ 70ಕ್ಕಿಂತ ಕೆಳಗಿದ್ದರೆ ಮತ್ತೆ ಅಷ್ಟೇ. ಸುಸ್ತಿನ ನಡುಕ ಎಂದು ಬಿಟ್ಟುಬಿಡುವುದು ಇಳಿಯುವ ದಾರಿಯಲ್ಲೇ, ಹಾಗಾಗಿ ಜೊತೆಗಾರರಿಗೂ ಈ ಲಕ್ಷಣಗಳು ಗೊತ್ತಿರಲಿ. ಅಂದು ರಾತ್ರಿ ನಿದ್ದೆಯಲ್ಲೂ ಸಕ್ಕರೆ ಇಳಿಯಬಹುದು, ಮಲಗುವ ಮೊದಲು ಒಮ್ಮೆ ನೋಡಿಕೊಳ್ಳಿ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಬೊಕ್ಕೆ ಎದ್ದದ್ದು ತಿಳಿಯುವುದಿಲ್ಲ. ಎರಡು ಗಂಟೆಗೊಮ್ಮೆ ಶೂ ಬಿಚ್ಚಿ ಕಣ್ಣಿನಿಂದಲೇ ನೋಡಿ.

ಏರಿನಲ್ಲಿ ತೊಂದರೆಯಿಲ್ಲ, ಇಳಿಯುವಾಗ ಮೊಣಕಾಲು ನೋವು, ತೊಡೆ ಗಡಗಡ. ಮರುದಿನ ಮೆಟ್ಟಿಲು ಇಳಿಯಲಾಗುವುದಿಲ್ಲ. ನೋವಿನ ಮಾತ್ರೆ ಮೊದಲೇ ತೆಗೆದುಕೊಂಡರೆ?
ಓದುಗರು, ಬದಿಯಡ್ಕ

ಮಾತ್ರೆ ಮೊದಲೇ ಬೇಡ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಡೈಕ್ಲೋಫಿನಾಕ್, ಐಬುಪ್ರೊಫೇನ್ ಕಿಡ್ನಿಗೆ ಹೊರೆ. ಅಲ್ಲದೆ ನೋವು ಮರೆಯಾದರೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಏರುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಮೈಭಾರವನ್ನು ತಡೆದು ಹಿಡಿಯಬೇಕು. ಈ ಎರಡನೇ ಕೆಲಸಕ್ಕೆ ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳು ಒಳಗೊಳಗೇ ಸಣ್ಣಗೆ ಹರಿಯುತ್ತವೆ. ನೋವು ಅಂದೇ ಬಾರದೆ ಎರಡನೇ ದಿನ ಜೋರಾಗುವುದು ಅದಕ್ಕೆ. ಸ್ನಾಯು ದಣಿದಾಗ ಭಾರವೆಲ್ಲ ಮೊಣಕಾಲ ಚಿಪ್ಪಿನ ಮೇಲೆ ಬೀಳುತ್ತದೆ. ಇಳಿಯುವುದಕ್ಕೇ ಅಭ್ಯಾಸ ಮಾಡಿದರೆ ಸ್ನಾಯು ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ.

ಆರು ವಾರ ಮೊದಲು ಶುರುಮಾಡಿ. ಮನೆಯ ಜಗಲಿ ಮೆಟ್ಟಿಲು ಸಾಕು. ಒಂದು ಕಾಲಲ್ಲಿ ಮೆಟ್ಟಿಲ ಮೇಲೆ ನಿಂತು, ಮೊಣಕಾಲು ಪಾದದ ನೇರಕ್ಕೇ ಇರುವಂತೆ ನೋಡಿಕೊಂಡು, ಮೂರು ಎಣಿಸುವಷ್ಟು ನಿಧಾನವಾಗಿ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ, ಮತ್ತೆ ಮೇಲೆ ಬನ್ನಿ. ಒಂದೊಂದು ಕಾಲಿಗೆ ಹತ್ತು ಸಲ, ಮೂರು ಸರದಿ, ವಾರಕ್ಕೆ ಮೂರು ದಿನ. ಮೂರನೇ ವಾರದಿಂದ ಬೆನ್ನಿಗೆ ಐದು ಕೆ.ಜಿ. ಅಕ್ಕಿ ಕಟ್ಟಿಕೊಳ್ಳಿ. ವಾರಕ್ಕೊಮ್ಮೆ ಧರ್ಮತ್ತಡ್ಕದ ಹತ್ತಿರದ ಪೊಸಡಿ ಗುಂಪೆಗೆ ಹೋಗಿ, ಕಡಿದಾದ ಕಡೆಯಲ್ಲಿ ಎರಡು ಮೂರು ಸಲ ಹತ್ತಿ ಇಳಿಯಿರಿ. ಕೊನೆಯ ವಾರ ವಿಶ್ರಾಂತಿ.

ಗುಡ್ಡದ ದಿನ ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಯಾವಾಗಲೂ ತುಸು ಮಡಚಿಯೇ ಇರಲಿ. ಹೆದರಿ ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರಿ ಬೆನ್ನ ಮೇಲೆ ಬೀಳುತ್ತೀರಿ. ಸೊಂಟವನ್ನು ಪಾದದ ಮೇಲೆಯೇ ಇಟ್ಟು ಇಡೀ ಪಾದ ಊರಿ. ನಮ್ಮ ಗುಡ್ಡೆಗಳಲ್ಲಿ ಜಾರಿಸುವುದು ಮುಖ್ಯವಾಗಿ ಎರಡು. ಮುರಕಲ್ಲಿನ ಹರಳು ಶೂವಿನಡಿ ಉರುಳುತ್ತದೆ, ಅಂಥಲ್ಲಿ ನೆಟ್ಟ ಕಲ್ಲೋ ಹುಲ್ಲಿನ ಬುಡವೋ ನೋಡಿ ಕಾಲಿಡಿ. ಡಿಸೆಂಬರ್ ನಂತರದ ಒಣ ಮುಳಿಹುಲ್ಲು ಇಳುಕಲಿನ ದಿಕ್ಕಿಗೇ ಬಾಗಿ ಮಲಗಿರುತ್ತದೆ, ಅದರ ಮೇಲೆ ನೇರ ಇಳಿದರೆ ಶೂವಿನ ಹಲ್ಲು ನೆಲಕ್ಕೆ ಮುಟ್ಟುವುದೇ ಇಲ್ಲ. ಅಲ್ಲಿ ಅಡ್ಡಡ್ಡ ಹಾವಿನ ಹಾದಿಯಂತೆ ಇಳಿಯಿರಿ.

ಕೋಲು ಹಿಡಿಯಲು ನಾಚಿಕೆ ಬೇಡ. ಬಿದಿರಿನದ್ದಾದರೂ ಸರಿ, ಸಮತಟ್ಟಿನಲ್ಲಿ ಹಿಡಿದಾಗ ಮೊಣಕೈ ನೇರಕೋನಕ್ಕೆ ಮಡಚಬೇಕು. ಉದ್ದ ಬದಲಿಸಬಹುದಾದ ಕೋಲಾದರೆ ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿ. ಕೋಲು ಮೊದಲು ಕೆಳಗೆ ಊರಬೇಕು, ಆಮೇಲೆ ಕಾಲು.

ತುಲಾಮಾಸದ ಮಳೆಗೆ ಗುಡ್ಡದ ಮೇಲೆ ಗುಡುಗು ಬಂದರೆ ಮಂಟಪದಲ್ಲಿ ನಿಲ್ಲಬಹುದೇ?
ಓದುಗರು, ವರ್ಕಾಡಿ

ಸುತ್ತ ತೆರೆದಿರುವ ಕಲ್ಲುಮಂಟಪ ಮಳೆಯನ್ನು ತಡೆದೀತು, ಸಿಡಿಲನ್ನು ತಡೆಯುವುದಿಲ್ಲ. ಒಂಟಿ ಮರದಡಿ ಅದಕ್ಕಿಂತ ಕೆಟ್ಟದು. ಮಿಂಚು ಕಂಡ ಕೂಡಲೇ ಎಣಿಸಿ. ಗುಡುಗು ಕೇಳುವಾಗ ಆದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಹುಲ್ಲುಗುಡ್ಡೆಯ ನೆತ್ತಿ ಬಿಟ್ಟು ತಗ್ಗಿನ ದಟ್ಟ ಕಾಡಿಗೆ ಇಳಿಯಿರಿ. ಸಿಕ್ಕಿಹಾಕಿಕೊಂಡರೆ ಒಬ್ಬರಿಂದೊಬ್ಬರು ಹದಿನೈದಿಪ್ಪತ್ತು ಮೀಟರ್ ದೂರ ಸರಿದು, ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಬಂಡೆಗೆ ಒರಗಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಲು ಶುರುಮಾಡಿ.

ತುಲಾಮಾಸದ ಗುಡುಗು ಹೆಚ್ಚಾಗಿ ಮಧ್ಯಾಹ್ನ ಎರಡರ ಮೇಲೆ. ಆ ಹೊತ್ತಿಗೆ ನೆತ್ತಿಯಿಂದ ಇಳಿದಿದ್ದರೆ ಇದ್ಯಾವುದೂ ಬೇಕಾಗುವುದಿಲ್ಲ.

ಟಾರ್ಚ್ ಬೇಕೇ? ಮೊಬೈಲಿನಲ್ಲೇ ಇದೆಯಲ್ಲ.
ಓದುಗರು, ಆದೂರು

ಬೇಕು, ತಲೆಗೆ ಕಟ್ಟುವಂಥದ್ದು, ಒಬ್ಬೊಬ್ಬರಿಗೆ ಒಂದು. ಇಳಿಯುವಾಗ ಎರಡೂ ಕೈ ಖಾಲಿ ಇರಬೇಕು. ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಡಿ, ನೆಟ್‌ವರ್ಕ್ ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಯುತ್ತದೆ. ಕರೆ ಮಾಡಬೇಕಾಗಿ ಬಂದಾಗ ಅದರಲ್ಲಿ ಚಾರ್ಜ್ ಇರಬೇಕು.

ಶಾಲೆಯ 24 ಮಕ್ಕಳನ್ನು ಕರೆದೊಯ್ಯಬೇಕು. ಯಾರಾದರೂ ಬಿದ್ದರೆ, ಹಾವು ಕಚ್ಚಿದರೆ ಏನು ಮಾಡಬೇಕು?
ಅಧ್ಯಾಪಕರು, ಉಪ್ಪಳ

ಮಾಷ್ಟ್ರೇ, ಮೊದಲ ಸಲಕ್ಕೆ ರಾಣಿಪುರವೋ ಪೊಸಡಿ ಗುಂಪೆಯೋ ಸಾಕು. ಎಂಟು ಮಕ್ಕಳಿಗೆ ಒಬ್ಬರು ದೊಡ್ಡವರಂತೆ ಮೂರು ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವ ಮಗು ಮುಂದಿನಿಂದ ಎರಡನೆಯದಾಗಿರಲಿ, ದೊಡ್ಡವರು ಕೊನೆಯಲ್ಲಿ. ದಾರಿ ಕವಲೊಡೆಯುವಲ್ಲೆಲ್ಲ ನಿಂತು ಎಣಿಸಿ. ಮಕ್ಕಳು ಓಡಿ ಇಳಿಯಲು ನೋಡುತ್ತಾರೆ, ಮುಂದಿರುವವರನ್ನು ದಾಟಬಾರದು ಎಂಬ ಒಂದೇ ನಿಯಮವನ್ನು ಗಟ್ಟಿಯಾಗಿ ಪಾಲಿಸಿ. ಒಬ್ಬೊಬ್ಬರ ಕೊರಳಿಗೂ ಒಂದು ಸೀಟಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಲು ಹೇಳಿಕೊಡಿ.

ಹಾವು ಕಚ್ಚಿದರೆ ಕೂರಿಸಿ, ಉಂಗುರ, ಬಳೆ, ಕಾಲ್ಗೆಜ್ಜೆ, ಶೂ ತೆಗೆಯಿರಿ, ಬಾವು ಬಂದ ಮೇಲೆ ತೆಗೆಯಲಾಗುವುದಿಲ್ಲ. ಮೂಳೆ ಮುರಿದಾಗ ಮಾಡುವಂತೆ ಕೋಲು ಕಟ್ಟಿ ಆ ಅಂಗ ಅಲುಗದ ಹಾಗೆ ನೋಡಿಕೊಳ್ಳಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಹೀರುವುದು, ಮದ್ದು ಹಚ್ಚುವುದು ಯಾವುದೂ ಬೇಡ. ಹಾವನ್ನು ಹಿಡಿಯಲು ಹೋಗಬೇಡಿ, ದೂರದಿಂದ ಫೋಟೋ ಸಿಕ್ಕರೆ ಸಾಕು. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಘಟ್ಟದ ತರಗೆಲೆಯಲ್ಲಿ ಮಲಗಿರುವ, ಮೂತಿಯ ತುದಿ ಮೇಲಕ್ಕೆದ್ದ ಸಣ್ಣ ಮಂಡಲದ ಹಾವಿಗೆ ಅದು ನಾಟುವುದಿಲ್ಲ, ಅದಕ್ಕೆ ಆಸ್ಪತ್ರೆಯಲ್ಲಿ ಬೇರೆ ಆರೈಕೆ ಬೇಕು. ಫೋಟೋ ಉಪಯೋಗಕ್ಕೆ ಬರುವುದು ಅಲ್ಲಿಯೇ.

ಕಚ್ಚಿಸಿಕೊಂಡವರನ್ನಾಗಲಿ, ಕಾಲು ಉಳುಕಿದವರನ್ನಾಗಲಿ ನಡೆಸಬೇಡಿ. ಎರಡು ಗಟ್ಟಿ ಬಿದಿರು, ಒಂದು ಪಂಚೆ ಇದ್ದರೆ ಡೋಲಿ ಆಗುತ್ತದೆ. ಪಂಚೆ ಹಾಸಿ, ಮೂರನೇ ಒಂದು ಭಾಗದಲ್ಲಿ ಮೊದಲ ಬಿದಿರಿಟ್ಟು ಬಟ್ಟೆಯನ್ನು ಅದರ ಮೇಲಿಂದ ಮಡಚಿ, ಮಡಚಿದ ಅಂಚಿನ ಮೇಲೆ ಎರಡನೆಯದನ್ನಿಟ್ಟು ಉಳಿದ ಭಾಗವನ್ನೂ ಮೇಲಕ್ಕೆ ಮಡಚಿ. ಮಲಗಿಸಿದ ಭಾರವೇ ಬಟ್ಟೆಯನ್ನು ಬಿಗಿ ಹಿಡಿಯುತ್ತದೆ. ಇಳಿಯುವಾಗ ರೋಗಿಯ ಕಾಲು ಮುಂದೆ, ತಲೆ ಹಿಂದೆ. ನಾಲ್ವರು ಹೊರಬೇಕು, ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು, ಐದನೆಯವರು ಮುಂದೆ ನಡೆದು ಕಲ್ಲು ಎಲ್ಲಿ, ಗುಳಿ ಎಲ್ಲಿ ಎಂದು ಕೂಗಿ ಹೇಳಬೇಕು. ನೆಟ್‌ವರ್ಕ್ ಸಿಕ್ಕಲ್ಲಿಂದ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ರಸ್ತೆಯ ಯಾವ ಜಾಗಕ್ಕೆ ಬರಬೇಕೆಂದು ತಿಳಿಸಿ. ಹೊರಡುವ ಮೊದಲೇ ಆ ಜಾಗದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಮೂರೂ ಗುಂಪಿನ ದೊಡ್ಡವರ ಕಿಸೆಯಲ್ಲಿಡಿ.